ಉಡುಗೆಯ ರೇಖಾಚಿತ್ರವೂ ಇಳಕಲ್ಲ ಸೀರೆಯೂ

ಹೆಣ್ಣನ್ನು ತೋರಿಸಲು ಬರೆದ ಚಿತ್ರಕ್ಕೂ ಅವಳ ಉಡುಗೆಯನ್ನು ತೋರಿಸಲು ಬರೆದ ಚಿತ್ರಕ್ಕೂ ಭೇದವುಂಟು. ಪ್ಯಾರಿಸ್ಸಿನ ಕ್ರಿಶ್ಚಿಯನ್ ಡಿಯೋರನು 1947ರಲ್ಲಿ ಬಿಗಿದ ನಡುವಿನ, ಹರಡಿದ ಲಂಗದ ಉಡುಪನ್ನು ಪ್ರಚಾರಕ್ಕೆ ತಂದನು. ಆ ಕಾಲದ ಉಡುಪುಚಿತ್ರಗಳಲ್ಲಿ ಸ್ತ್ರೀದೇಹವು ಸಹಜಪ್ರಮಾಣವನ್ನು ಮೀರಿ ನೀಳವಾಗಿರುವುದು. ಮುಖವು ನಾಲ್ಕಾರು ಗೆರೆಗಳಲ್ಲಿ ಮುಗಿಯುವುದು. ಇದನ್ನು ದೋಷವೆನ್ನಲಾಗದು. ಕತ್ತರಿಸಿ ಹೊಲಿದ ಉಡುಪಿನ ರೂಪವೆಲ್ಲ ಹೊರಗೆರೆಯಲ್ಲಿರುವುದರಿಂದ ಚಿತ್ರಕಾರನಿಗೆ ಅಷ್ಟೇ ಸಾಕು.

ಇದೇ ಕ್ರಮವನ್ನು ಇಳಕಲ್ಲ ಸೀರೆಗೆ ಅನ್ವಯಿಸಿದರೆ ಚಿತ್ರವು ಸೋಲುತ್ತದೆ. ಸೀರೆಗೆ ಕತ್ತರಿಯ ಸೋಂಕಿಲ್ಲ. ಉಟ್ಟವಳ ಮೈಯೇ ಅದಕ್ಕೆ ಆಕಾರ. ಹಿಂದೆ ಹುನಗುಂದ ತಾಲೂಕಿಗೆ ಸೇರಿದ್ದ ಇಳಕಲ್ಲಿನ ನೇಕಾರರ ವೈಶಿಷ್ಟ್ಯವು ಕೊಂಡಿಯಲ್ಲಿದೆ. ಒಡಲಿನ ಹತ್ತಿಯ ಹಾಸೆಳೆಗಳನ್ನು ಸೆರಗಿನ ರೇಷ್ಮೆಯ ಹಾಸೆಳೆಗಳೊಡನೆ ಕುಣಿಕೆ ಕುಣಿಕೆಯಾಗಿ ಕೋದು ನೇಯುವುದರಿಂದ ಸೀರೆ ಸೀರೆಗೂ ಹಾಸನ್ನು ಬೇರೆಯಾಗಿಯೇ ಸಿದ್ಧಗೊಳಿಸಬೇಕು. ಕೆಂಪು ಸೆರಗಿನ ಮೇಲೆ ಬಿಳಿಯ ‘ಟೋಪ್ ತೆನಿ’ ಮೂಡುವುದು. ಅದರಲ್ಲಿ ಹಣಿಗೆಯ ಹಲ್ಲು, ಜೋಳದ ತೆನೆ, ಕೋಟೆಯ ತೆನೆ, ಬೆಟ್ಟದ ಸಾಲುಗಳನ್ನು ಜನರು ಕಾಣುತ್ತಾರೆ. ತೆನೆಯೆಂಬ ಒಂದೇ ಶಬ್ದವು ಹೊಲದ ಪೈರಿಗೂ ಕೋಟೆಯ ನೆತ್ತಿಗೂ ಸಲ್ಲುವುದು ಭಾಷಾಜಿಜ್ಞಾಸುಗಳು ಗಮನಿಸತಕ್ಕ ವಿಷಯ. ಹೊರಗೆರೆಯ ಚಿತ್ರದಲ್ಲಿ ಇವೆಲ್ಲ ಬರಿಯ ಅಂಚುಪಟ್ಟಿಯಾಗಿ ಉಳಿಯುತ್ತವೆ. ಆ ಸೀರೆಯು ಇಳಕಲ್ಲಿನದೋ ಬೇರೂರಿನದೋ ತಿಳಿಯದು.

ಇದೇ ಬಾಗಲಕೋಟೆ ಜಿಲ್ಲೆಯ ಬಾದಾಮಿಯ ಶಿಲ್ಪಗಳನ್ನು ಉಡುಗೆಯ ಇತಿಹಾಸಕ್ಕೆ ಆಧಾರವಾಗಿ ಹಿಡಿಯುವವರೂ ಈ ಭೇದವನ್ನು ಮರೆಯಬಾರದು. ಮಂಗಲೇಶನ ಕಾಲನಿರ್ದಿಷ್ಟ ಶಾಸನವಿರುವ (ಕ್ರಿ.ಶ. 578) ಮೂರನೆಯ ಗುಹೆಯ ಬೋದಿಗೆಗಳ ಮಿಥುನಶಿಲ್ಪಗಳಲ್ಲಿ ಸ್ತ್ರೀಯರ ಉಡುಗೆಯು ನಡುವಿನಿಂದ ಕೆಳಗೆ ಮೈಗಂಟಿರುವುದು, ಮೇಲೆ ಬಹುಮಟ್ಟಿಗೆ ಆಭರಣಗಳೇ. ಶಿಲ್ಪಿಯ ದೃಷ್ಟಿ ಭಂಗಿಯ ಮೇಲಿತ್ತೇ ಹೊರತು ಬಟ್ಟೆಯ ಮೇಲಲ್ಲ. ನೂಲು ಹತ್ತಿಯದೋ ರೇಷ್ಮೆಯದೋ ಎಂಬುದನ್ನೇ ಹೇಳದ ಕಲ್ಲಿನಲ್ಲಿ ಕೊಂಡಿಯನ್ನು ಹುಡುಕಿ, ಇಳಕಲ್ಲ ಸೀರೆಗೆ ಚಾಲುಕ್ಯರ ಪ್ರಾಚೀನತೆಯನ್ನು ಕಟ್ಟುವುದು ಅಭಿಮಾನವಾದೀತು, ಪ್ರಮಾಣವಾಗದು.

ಗುಳೇದಗುಡ್ಡದ ಖಣದ ಮಾತು ಬೇರೆ. ಅದು ಕುಪ್ಪಸಕ್ಕಾಗಿಯೇ ನೆಯ್ದು, ಕತ್ತರಿಸಿ ಹೊಲಿಯತಕ್ಕ ಬಟ್ಟೆ. ಅಲ್ಲಿ ತೋಳಿನ ಕಟ್ಟು, ಬೆನ್ನಿನ ಹೊಲಿಗೆಗಳು ಗೆರೆಗೆ ದಕ್ಕುವವು. ಸೀರೆಯನ್ನಾದರೋ ಉಟ್ಟವಳ ಪಕ್ಕದಲ್ಲಿ ಸೆರಗನ್ನು ಬಿಚ್ಚಿ ಹರಡಿ, ಒಡಲು ಸೆರಗುಗಳು ಕೂಡುವೆಡೆಯನ್ನು ಬೇರೆಯಾಗಿ ಹಿರಿದು ಮಾಡಿ ಬರೆಯಬೇಕಾಗುತ್ತದೆ.