ಎಮ್ಯುಲೇಟರ್ ಎಂಬ ಸಂಪಾದಕ: ಅಂಧೇರಿಯ ಒಂದು ಪಾಠಭೇದದ ವಿಚಾರ

ಹಳೆಯ ಕೃತಿಯೊಂದು ಮರಳಿ ದೊರೆತಾಗ ವಿದ್ವಾಂಸರು ಮೊದಲು ಕೇಳಬೇಕಾದ ಪ್ರಶ್ನೆ, ದೊರೆತದ್ದು ನಿಜಕ್ಕೂ ಯಾವುದು ಎಂಬುದು. ಓಲೆಗರಿಯ ಪ್ರತಿಗಳೊಡನೆ ವ್ಯವಹರಿಸಿದವರಿಗೆ ಈ ಪ್ರಶ್ನೆ ಹೊಸತಲ್ಲ. 1980 ಮತ್ತು 1990ರ ದಶಕಗಳ ವಿಡಿಯೊ ಆಟಗಳು ಇಂದಿನ ಗಣಕಗಳಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಿರುವ ಸಂದರ್ಭದಲ್ಲಿ ಇದೇ ಪ್ರಶ್ನೆಯನ್ನು ಕೇಳಬೇಕಾಗಿದೆ. ಮಧ್ಯಕಾಲೀನ ಸಾಹಿತ್ಯದ ಅಭ್ಯಾಸಿಗಳಾದ ನಾವು ಈ ವಿಷಯಕ್ಕೆ ಕೈಹಾಕಿರುವುದು ಕುತೂಹಲದಿಂದ ಮಾತ್ರವಲ್ಲ. ಗ್ರಂಥಸಂಪಾದನಾಶಾಸ್ತ್ರವು ಬಹು ಹಿಂದೆಯೇ ಎದುರಿಸಿದ ತೊಡಕುಗಳು ಇಲ್ಲಿ ಹೊಸ ವೇಷದಲ್ಲಿ ಬಂದಿವೆ ಎಂಬುದು ನಮ್ಮ ತಿಳಿವಳಿಕೆ.

ಎಮ್ಯುಲೇಟರ್ ಎಂದರೆ ಒಂದು ಯಂತ್ರದ ವರ್ತನೆಯನ್ನು ಇನ್ನೊಂದು ಯಂತ್ರದಲ್ಲಿ ಅನುಕರಿಸುವ ತಂತ್ರಾಂಶ. ನಿಂಟೆಂಡೊ ಸಂಸ್ಥೆಯ ಫ್ಯಾಮಿಕಾಮ್ ಯಂತ್ರವು 1983ರಲ್ಲಿ ಜಪಾನಿನಲ್ಲಿ ಬಿಡುಗಡೆಯಾಯಿತು. ಅದರ ಕಾರ್ಯಸ್ಮೃತಿ ಕೇವಲ 2 ಕಿಲೋಬೈಟ್. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಆಟದ ಸಮಸ್ತ ಪಠ್ಯವೂ 40 ಕಿಲೋಬೈಟಿನೊಳಗೆ ಅಡಕವಾಗಿತ್ತು. ಆ ಆಟದಲ್ಲಿ ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಆಕೃತಿ; ಬಣ್ಣ ಮಾತ್ರ ಬೇರೆ. ಇಂತಹ ಯಂತ್ರವನ್ನು ಅನುಕರಿಸುವ ತಂತ್ರಾಂಶಗಳಲ್ಲಿ 1997ರ ನೆಸ್ಟಿಕಲ್ ಬಹು ಪ್ರಸಿದ್ಧವಾಯಿತು. ಅಂದಿನ ಎಮ್ಯುಲೇಟರುಗಳು ವೇಗಕ್ಕಾಗಿ ನಿಖರತೆಯನ್ನು ಬಿಟ್ಟುಕೊಟ್ಟವು. ಮುಂದೆ ನಿಯರ್ ಎಂಬ ಹೆಸರಿನಿಂದ ಪ್ರಸಿದ್ಧರಾದ ತಂತ್ರಾಂಶಕಾರರು ಬಿಎಸ್‌ಎನ್‌ಇಎಸ್ ಯೋಜನೆಯಲ್ಲಿ ಯಂತ್ರದ ಒಂದೊಂದು ಮಿಡಿತವನ್ನೂ ಲೆಕ್ಕವಿಟ್ಟು ಅನುಕರಿಸುವ ಮಾರ್ಗ ಹಿಡಿದರು. ಮೊದಲ ಪಂಥವನ್ನು ಓದುಗನ ಅನುಕೂಲಕ್ಕೆ ಪಾಠವನ್ನು ಸರಿಪಡಿಸುವ ಸಂಪಾದಕರಿಗೂ, ಎರಡನೆಯದನ್ನು ಪ್ರತಿಯ ಅಕ್ಷರಕ್ಕೆ ನಿಷ್ಠರಾದ ಸಂಪಾದಕರಿಗೂ ಹೋಲಿಸಬಹುದು.

ಈ ಹೋಲಿಕೆ ಕೇವಲ ಅಲಂಕಾರವಲ್ಲ. ಫ್ಯಾಮಿಕಾಮ್ ಯಂತ್ರವು ತೆರೆಯ ಒಂದು ಅಡ್ಡಗೆರೆಯಲ್ಲಿ ಚಲಿಸುವ ಆಕೃತಿಗಳ ಎಂಟು ತುಣುಕುಗಳನ್ನು ಮಾತ್ರ ತೋರಬಲ್ಲದು. ಮಿತಿ ಮೀರಿದಾಗ ಆಕೃತಿಗಳು ಮಿನುಗುತ್ತವೆ. ಹಲವು ಎಮ್ಯುಲೇಟರುಗಳು ಈ ಮಿತಿಯನ್ನು ತೆಗೆದುಹಾಕುವ ಸೌಲಭ್ಯವನ್ನು ನೀಡುತ್ತವೆ. ಆಟ ಸ್ವಚ್ಛವಾಗಿ ಕಾಣುವುದೇನೋ ನಿಜ. ಆದರೆ ಛಂದಸ್ಸು ಕೆಟ್ಟಿದೆಯೆಂದು ಪ್ರಾಚೀನ ಕವಿಯ ಪದ್ಯವನ್ನು ತಾನೇ ತಿದ್ದಿದ ಲಿಪಿಕಾರನ ಕೆಲಸಕ್ಕೂ ಇದಕ್ಕೂ ವ್ಯತ್ಯಾಸವೇನು? ಆ ಮಿತಿಯನ್ನು ಅರಿತೇ ಆಟದ ರಚನಕಾರರು ಶತ್ರುಗಳ ಸಂಖ್ಯೆಯನ್ನೂ ಸ್ಥಾನವನ್ನೂ ಯೋಜಿಸುತ್ತಿದ್ದರು ಎಂಬುದನ್ನು ಮರೆಯಬಾರದು.

ಇಷ್ಟರವರೆಗಿನ ಚರ್ಚೆ ಜಪಾನ್ ಅಮೆರಿಕಗಳಿಗೆ ಸಲ್ಲುವುದು. ಅಂಧೇರಿಗೆ ಬಂದರೆ ಪ್ರಶ್ನೆ ಜಟಿಲವಾಗುತ್ತದೆ. ಹೊರನಾಡಿನ ಸಂಶೋಧಕರಿಗೆ ಈ ಉಪನಗರದ ಪರಿಚಯ ಅಗತ್ಯ. ಇದರ ಪಶ್ಚಿಮ ಭಾಗದ ವೀರ ದೇಸಾಯಿ ರಸ್ತೆಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿಯ ಶಿಕ್ಷಣ ಸಂಕುಲವಿದೆ. ಕರಾವಳಿಯಿಂದ ಹೋಟೆಲು ಕೆಲಸಕ್ಕೂ ಕಾರ್ಖಾನೆಗಳಿಗೂ ಬಂದ ತುಳು-ಕನ್ನಡ ಕುಟುಂಬಗಳು ಇಲ್ಲಿ ಬೇರೂರಿವೆ. ಪೂರ್ವ ಭಾಗದಲ್ಲಿ ಸೀಪ್ಝ್ ಎಂದು ಕರೆಯುವ ಇಲೆಕ್ಟ್ರಾನಿಕ್ಸ್ ರಫ್ತು ವಲಯವು 1973ರಿಂದ ಇದೆ. ಪರದೇಶಕ್ಕೆ ಇಲೆಕ್ಟ್ರಾನಿಕ್ ಸಾಮಗ್ರಿ ಕಳುಹಿಸುತ್ತಿದ್ದ ಈ ಊರಿನ ಮಕ್ಕಳಿಗೆ ಆಟದ ಯಂತ್ರ ಮಾತ್ರ ನಕಲಿನ ರೂಪದಲ್ಲಿ ದೊರೆಯಿತು. ಲಿಟಲ್ ಮಾಸ್ಟರ್, ಸಮುರಾಯ್ ಮೊದಲಾದ ಹೆಸರುಗಳಲ್ಲಿ ಭಾರತದಲ್ಲಿ ಮಾರಾಟವಾದದ್ದು ಫ್ಯಾಮಿಕಾಮ್ ಪರಂಪರೆಯ ಯಂತ್ರಗಳು. ಅವುಗಳಿಗೆ ಹಾಕುವ ಕಾರ್ಟ್ರಿಜ್ಜನ್ನು ಇಲ್ಲಿ ಎಲ್ಲರೂ ‘ಕ್ಯಾಸೆಟ್’ ಎಂದೇ ಕರೆದರು. ಹಾಡು ಮತ್ತು ಚಲನಚಿತ್ರಗಳ ಕ್ಯಾಸೆಟ್ಟಿನ ಸಾಲಿನಲ್ಲಿಯೇ ಆಟವನ್ನೂ ಸ್ವೀಕರಿಸಿದ್ದಕ್ಕೆ ಈ ಪದವೇ ಸಾಕ್ಷಿ.

ಅಂಧೇರಿ ಪೂರ್ವದ ಕನ್ನಡ ಮನೆಯೊಂದರಲ್ಲಿ ನಾವು ಕಂಡ ಸಂಗತಿ ಈ ಲೇಖನಕ್ಕೆ ಪ್ರೇರಣೆ. ಅಲ್ಲಿಯೇ ಹುಟ್ಟಿ ಬೆಳೆದ ನಡುವಯಸ್ಸಿನ ಗೃಹಸ್ಥರೊಬ್ಬರು ಗಣಕದಲ್ಲಿ ಮಾರಿಯೊ ಆಟವನ್ನು ತೆರೆದು, ಕೆಲವೇ ಕ್ಷಣಗಳಲ್ಲಿ ಕೈಬಿಟ್ಟರು. “ನಮ್ಮದು ಇಷ್ಟು ಜೋರು ಓಡ್ತಿರ್ಲಿಲ್ಲ ಸರ್. ಹಾಡೂ ಇದಲ್ಲ” ಎಂದರು. ನೆನಪಿನ ಭ್ರಮೆಯೆಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಅವರು ಹೇಳಿದ್ದು ತಾಂತ್ರಿಕವಾಗಿ ಸರಿಯಾಗಿತ್ತು. ಜಪಾನ್ ಮತ್ತು ಅಮೆರಿಕದ ಯಂತ್ರಗಳು ಸೆಕೆಂಡಿಗೆ ಸುಮಾರು 60 ಚಿತ್ರಗಳನ್ನು ತೋರುತ್ತಿದ್ದವು. ಭಾರತದ ಪಾಲ್ ದೂರದರ್ಶನ ಪದ್ಧತಿಯಲ್ಲಿ ಅದು 50. ಆಟದ ಗತಿಯೂ ಸಂಗೀತದ ಲಯವೂ ಚಿತ್ರಗಳ ಎಣಿಕೆಯನ್ನು ಅವಲಂಬಿಸಿದ್ದುದರಿಂದ, ಪಾಲ್ ಪದ್ಧತಿಗೆ ಹೊಂದಿಸಿದ ನಕಲು ಯಂತ್ರದಲ್ಲಿ ಜಪಾನಿನ ಪಠ್ಯವು ಆರರಲ್ಲಿ ಐದು ಪಾಲು ವೇಗದಲ್ಲಿ ನಡೆಯುತ್ತಿತ್ತು. ಸ್ವರದ ಎತ್ತರ ಹೆಚ್ಚುಕಡಿಮೆ ಅದೇ. ಲಯ ಮಾತ್ರ ವಿಲಂಬಿತ. ಎಮ್ಯುಲೇಟರಿನ ಆಯ್ಕೆಗಳಲ್ಲಿ ‘ಡೆಂಡಿ’ ಎಂಬುದನ್ನು ಆರಿಸಿದೊಡನೆ ಅವರ ಮುಖ ಅರಳಿತು.

ಡೆಂಡಿ ಎಂಬುದು 1992ರಲ್ಲಿ ರಷ್ಯಾದಲ್ಲಿ ಮಾರಾಟಕ್ಕೆ ಬಂದ ನಕಲು ಯಂತ್ರದ ಹೆಸರು. ಅಲ್ಲಿನ ಅಭಿಮಾನಿಗಳು ತಮ್ಮ ನಕಲನ್ನು ನಾಚಿಕೆಯಿಲ್ಲದೆ ದಾಖಲಿಸಿದರು. ಆದುದರಿಂದ ಎಫ್‌ಸಿಇಯುಎಕ್ಸ್, ಮೆಸೆನ್ ಮೊದಲಾದ ಎಮ್ಯುಲೇಟರುಗಳಲ್ಲಿ ಅದಕ್ಕೊಂದು ಹೆಸರಿನ ಸ್ಥಾನ ದೊರೆಯಿತು. ಅಂಧೇರಿಯ ಬಾಲ್ಯವನ್ನು ಮರಳಿ ಪಡೆಯಲು ರಷ್ಯಾದ ಹೆಸರಿನ ಬಾಗಿಲಲ್ಲಿ ಪ್ರವೇಶಿಸಬೇಕಾಗಿದೆ. ನಮ್ಮಲ್ಲಿ ಆಡಿದವರಿಗೆ ಕೊರತೆಯಿರಲಿಲ್ಲ, ದಾಖಲೆಗೆ ಕೊರತೆಯಿತ್ತು ಎಂಬುದನ್ನು ಇದು ತೋರಿಸುತ್ತದೆ.

ಇನ್ನು ‘9999999 ಇನ್ 1’ ಎಂಬಂತಹ ಸಂಕಲನ ಕ್ಯಾಸೆಟ್ಟುಗಳ ವಿಚಾರ. ಪಟ್ಟಿಯಲ್ಲಿ ಲಕ್ಷಗಟ್ಟಲೆ ಆಟಗಳು. ವಾಸ್ತವವಾಗಿ ಇದ್ದದ್ದು ಬೆರಳೆಣಿಕೆಯವು. ಆರಂಭದ ಹಂತವನ್ನೋ ವೇಗವನ್ನೋ ಬದಲಿಸಿ ಒಂದೇ ಆಟವನ್ನು ಹಲವು ಹೆಸರುಗಳಿಂದ ಪುನರಾವರ್ತಿಸಲಾಗುತ್ತಿತ್ತು. ಸಂಗ್ರಾಹಕರು ಬಹುಕಾಲ ಇಂತಹ ಪಠ್ಯವನ್ನು ‘ಕೆಟ್ಟ ಪ್ರತಿ’ಯೆಂದು ಬದಿಗಿಟ್ಟು, ಮೂಲ ಕಾರ್ಟ್ರಿಜ್ಜಿನ ಶುದ್ಧ ಪಾಠಕ್ಕೆ ಮಾತ್ರ ಮನ್ನಣೆ ನೀಡಿದರು. ಕನ್ನಡ ವಿದ್ವತ್ತು ಈ ಹಂತವನ್ನು ದಾಟಿ ಬಂದಿದೆ. ಶೂನ್ಯಸಂಪಾದನೆಯ ನಾಲ್ಕು ಪರಿಷ್ಕರಣಗಳಲ್ಲಿ ಮೊದಲನೆಯದು ಶಿವಗಣಪ್ರಸಾದಿ ಮಹಾದೇವಯ್ಯನದು. ಹಾಗೆಂದು ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣ ಇವರ ಪರಿಷ್ಕರಣಗಳನ್ನು ನಾವು ಪ್ರಕ್ಷೇಪಗಳೆಂದು ಎಸೆಯುವುದಿಲ್ಲ. ಒಂದೊಂದೂ ತನ್ನ ಕಾಲದ ಓದುಗ ಸಮುದಾಯವನ್ನು ತಿಳಿಸುವ ಸ್ವತಂತ್ರ ಪಠ್ಯ. ವಚನಕಾರರ ಅನುಭಾವವನ್ನು ಅಗ್ಗದ ಕ್ಯಾಸೆಟ್ಟಿಗೆ ಹೋಲಿಸುವುದು ನಮ್ಮ ಉದ್ದೇಶವಲ್ಲ. ವಿಧಾನದ ಪಾಠವನ್ನು ಮಾತ್ರ ಇಲ್ಲಿ ಅನ್ವಯಿಸುತ್ತಿದ್ದೇವೆ: ಮೂಲ ಯಾವುದು ಎಂಬ ಪ್ರಶ್ನೆಯೊಡನೆ ಜನ ಸ್ವೀಕರಿಸಿದ್ದು ಯಾವುದು ಎಂಬ ಪ್ರಶ್ನೆಯೂ ಸಂಪಾದಕನ ಹೊಣೆಯೇ ಆಗಿದೆ.

ಇಲ್ಲೊಂದು ಆಕ್ಷೇಪ ಬರಬಹುದು. ಈ ಕ್ಯಾಸೆಟ್ಟುಗಳಲ್ಲಿ ಬಹುಪಾಲು ಪರರ ಹಕ್ಕನ್ನು ಉಲ್ಲಂಘಿಸಿ ತಯಾರಾದವು. ಅವುಗಳ ಸಂರಕ್ಷಣೆ ಕಳ್ಳತನದ ಸಮರ್ಥನೆಯಾಗದೆ? ಆಕ್ಷೇಪ ಹಗುರವಾದುದಲ್ಲ. ಭಾರತದ ಕೃತಿಸ್ವಾಮ್ಯ ಕಾಯಿದೆಯು 1984ರ ತಿದ್ದುಪಡಿಯಿಂದ ಗಣಕ ಕ್ರಮವಿಧಿಯನ್ನು ಸಾಹಿತ್ಯಕೃತಿಯ ವ್ಯಾಪ್ತಿಗೆ ಸೇರಿಸಿದೆ. ನ್ಯಾಯಸಮ್ಮತವಾಗಿ ಪ್ರತಿಯನ್ನು ಹೊಂದಿರುವವನು ರಕ್ಷಣೆಗಾಗಿ ಇನ್ನೊಂದು ಪ್ರತಿ ಮಾಡಿಕೊಳ್ಳಬಹುದು. ನಕಲು ಕ್ಯಾಸೆಟ್ಟಿನ ಒಡೆಯನಿಗೆ ಆ ಆಶ್ರಯವನ್ನು ಹೇಳಿಕೊಳ್ಳುವುದು ಕಷ್ಟ. ಆದರೆ ಅಧಿಕೃತ ಮಾರುಕಟ್ಟೆಯೂ ಹಳೆಯ ಆಟಗಳನ್ನು ಕಾಪಾಡಿಲ್ಲ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2010ಕ್ಕಿಂತ ಮುಂಚೆ ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಮಾರುಕಟ್ಟೆಯಲ್ಲಿ ಲಭ್ಯವಿಲ್ಲ. ಮಾರಾಟದ ಹಕ್ಕನ್ನು ನಾವು ಬೇಡುತ್ತಿಲ್ಲ. ಸಂಶೋಧನೆಗಾಗಿ ಪ್ರತಿಯೊಂದನ್ನು ಉಳಿಸಿಕೊಳ್ಳುವ ಅವಕಾಶವನ್ನು ಕಾಯಿದೆ ಸ್ಪಷ್ಟಪಡಿಸಲಿ ಎಂಬುದಷ್ಟೇ ನಮ್ಮ ಅಪೇಕ್ಷೆ.

ಕಾಲವೂ ಹೆಚ್ಚು ಉಳಿದಿಲ್ಲ. ಈ ಕ್ಯಾಸೆಟ್ಟುಗಳಲ್ಲಿ ಎಷ್ಟೋ ಬಾರಿ ಚಿಪ್ಪನ್ನು ಕಪ್ಪು ಅಂಟಿನ ಬೊಟ್ಟಿನಡಿ ಮುಚ್ಚಿರುತ್ತಾರೆ. ಒಳಗಿನ ಪುಟ ತಿರುಗಿಸುವ ವ್ಯವಸ್ಥೆ ಒಂದೊಂದರಲ್ಲಿ ಒಂದೊಂದು ಬಗೆ. ಅದನ್ನು ಅರಿಯದೆ ಪಠ್ಯವನ್ನು ಪೂರ್ತಿಯಾಗಿ ಓದಲಾಗದು. ಗೆದ್ದಲು ಹಿಡಿದ ಓಲೆಯ ಕಟ್ಟನ್ನು ಅಟ್ಟದಿಂದ ಇಳಿಸಿದ ಹಿರಿಯರಿಗೆ ಲಿಪಿಯಾದರೂ ಪರಿಚಿತವಾಗಿತ್ತು. ಅಂಧೇರಿಯ ಹಳೆಯ ಚಾಳುಗಳು ಕೆಡವಲ್ಪಟ್ಟು ಗೋಪುರಗಳಾಗುತ್ತಿರುವಾಗ, ಮನೆ ಖಾಲಿ ಮಾಡುವವರು ಮೊದಲು ಎಸೆಯುವುದು ಇಂತಹ ಪೆಟ್ಟಿಗೆಗಳನ್ನೇ.

ಎಮ್ಯುಲೇಟರ್ ಹಳೆಯದನ್ನು ಹಾಗೆಯೇ ಹಿಂದಿರುಗಿಸುತ್ತದೆ ಎಂಬ ಸಾಮಾನ್ಯ ಅಭಿಪ್ರಾಯವನ್ನು ನಾವು ಒಪ್ಪಲಾರೆವು. ಅದು ಒಂದು ಪಾಠವನ್ನು ಆರಿಸುತ್ತದೆ, ಉಳಿದವನ್ನು ಅಡಿಟಿಪ್ಪಣಿಗೂ ಸೇರಿಸದೆ ಬಿಡುತ್ತದೆ. ಆದರೆ ಸರಿಯಾದ ಮಾಹಿತಿ ಒದಗಿಸಿದರೆ ಬಿಟ್ಟುದನ್ನು ಸೇರಿಸಿಕೊಳ್ಳುವ ಶಕ್ತಿಯೂ ಅದಕ್ಕಿದೆ. ಡೆಂಡಿಯ ನಿದರ್ಶನ ಇದನ್ನು ಸಿದ್ಧಪಡಿಸಿದೆ. ಹೊರನಾಡಿನಲ್ಲಿರುವ ಕನ್ನಡ ಸಂಶೋಧಕರು ತಮ್ಮ ಊರಿನ ಮನೆಗಳಲ್ಲಿ ಉಳಿದಿರಬಹುದಾದ ಯಂತ್ರ, ಕ್ಯಾಸೆಟ್ಟು ಮತ್ತು ಆಡಿದವರ ಮಾತು, ಈ ಮೂರನ್ನೂ ಒಟ್ಟಿಗೆ ದಾಖಲಿಸುವುದು ಉಚಿತ. ಇವುಗಳಲ್ಲಿ ಮೊದಲು ಮರೆಯಾಗುವುದು ಮಾತು. “ನಮ್ಮದು ಇಷ್ಟು ಜೋರು ಓಡ್ತಿರ್ಲಿಲ್ಲ” ಎಂದು ಹೇಳಬಲ್ಲವರು ಇರುವಾಗಲೇ ಆ ಕೆಲಸ ಆಗಬೇಕು.