ಎರಡರ ಪುಣ್ಯ, ನೂರರ ಲೆಕ್ಕ

ಸರಕಾರಿ ಶಾಲೆಯ ಗೋಡೆಗೆ ಹೊಸ ಬಣ್ಣ ಬಂದಿರುತ್ತದೆ. ಶಾಲೆಯ ಹೆಸರಿಗಿಂತ ದೊಡ್ಡ ಅಕ್ಷರಗಳಲ್ಲಿ ಬಣ್ಣಕ್ಕೆ ಹಣ ಕೊಟ್ಟ ಕಂಪೆನಿಯ ಹೆಸರಿರುತ್ತದೆ. ಬಸ್ಸು ತಂಗುದಾಣದಲ್ಲಿ, ಕುಡಿಯುವ ನೀರಿನ ಘಟಕದ ಮೇಲೆ ಇಂಥ ಫಲಕಗಳನ್ನು ನಾವೆಲ್ಲ ನೋಡಿದ್ದೇವೆ. ಕೊಟ್ಟವರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಸೋರುವ ಮಾಡಿನ ಕೆಳಗೆ ಕೂರುವ ಮಗುವಿಗೆ ಹೆಂಚು ಯಾರು ಕೊಟ್ಟರೂ ಒಳ್ಳೆಯದೇ. ಆದರೆ ಉದ್ಯಮದ ಸಾಮಾಜಿಕ ಹೊಣೆ ಎಂದರೆ ಇಷ್ಟೇ ಎಂದು ನಂಬಿಬಿಟ್ಟರೆ ಬಹುಮುಖ್ಯ ಪ್ರಶ್ನೆಯೊಂದು ಆ ಬಣ್ಣದ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಲಾಭದಿಂದ ಎಷ್ಟು ಕೊಟ್ಟರು ಎಂದು ನಾವು ಕೇಳುತ್ತೇವೆ. ಆ ಲಾಭ ಹೇಗೆ ಬಂತು ಎಂದು ಕೇಳುವವರು ಯಾರು?

2013ರ ಕಂಪೆನಿ ಕಾಯಿದೆಯ 135ನೇ ಸೆಕ್ಷನ್ 2014ರ ಎಪ್ರಿಲ್ 1ರಿಂದ ಜಾರಿಗೆ ಬಂತು. 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪೆನಿಯೂ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು ಎಂದು ಅದು ಹೇಳಿತು. ಮೊದಮೊದಲು ಖರ್ಚು ಮಾಡದಿದ್ದರೆ ಕಾರಣ ಬರೆದು ಪಾರಾಗಬಹುದಿತ್ತು. 2021ರ ಜನವರಿಯಿಂದ ಉಳಿದ ಹಣವನ್ನು ನಿಗದಿತ ನಿಧಿಗೆ ಅಥವಾ ಪ್ರತ್ಯೇಕ ಖಾತೆಗೆ ವರ್ಗಾಯಿಸಲೇಬೇಕು, ತಪ್ಪಿದರೆ ದಂಡ. ಇದು ಸ್ವಾಗತಾರ್ಹವೇ.

ಆದರೆ ನಿಯಮದ ಒಂದು ಅಂಶವನ್ನು ಗಮನಿಸಬೇಕು. ಕಂಪೆನಿ ತನ್ನ ಮಾಮೂಲಿ ವ್ಯವಹಾರದ ಭಾಗವಾಗಿ ಮಾಡುವ ಕೆಲಸ ಸಾಮಾನ್ಯವಾಗಿ ಈ ಲೆಕ್ಕಕ್ಕೆ ಸೇರುವುದಿಲ್ಲ. ತನ್ನ ನೌಕರರಿಗೆ ಮಾತ್ರ ಪ್ರಯೋಜನವಾಗುವ ಕೆಲಸವೂ ಸೇರುವುದಿಲ್ಲ. ವ್ಯಾಪಾರದ ಖರ್ಚನ್ನೇ ಸೇವೆಯೆಂದು ತೋರಿಸಿ ಮೋಸ ಮಾಡಬಾರದೆಂಬ ಕಾಳಜಿ ಇದರ ಹಿಂದಿದೆ, ಒಪ್ಪೋಣ. ಆದರೆ ಇದರಿಂದ ಒಂದು ವಿಚಿತ್ರ ತಿಳುವಳಿಕೆ ಬೆಳೆಯಿತು. ಹೊಣೆ ಎಂಬುದು ಕಾರ್ಖಾನೆಯ ಗೇಟಿನ ಹೊರಗೆ ಮಾಡುವ ಕೆಲಸ, ಗೇಟಿನ ಒಳಗಿನದು ಬರೀ ವ್ಯಾಪಾರ ಎಂಬಂತಾಯಿತು.

ಗೇಟಿನ ಒಳಗೆ ಏನಾಗಬಹುದೆಂಬುದಕ್ಕೆ ನಮ್ಮ ರಾಜ್ಯದ ಸಿದ್ಧ ಉಡುಪು ಕಾರ್ಖಾನೆಗಳೇ ಸಾಕ್ಷಿ. 2020ರ ಎಪ್ರಿಲ್‌ನಿಂದ ಕನಿಷ್ಠ ವೇತನಕ್ಕೆ ಸೇರಬೇಕಿದ್ದ ತುಟ್ಟಿಭತ್ಯೆ ತಿಂಗಳಿಗೆ ಸುಮಾರು 417 ರೂಪಾಯಿ. ಕೊರೋನಾದ ಕಾರಣ ಮುಂದಿಟ್ಟು ಅದನ್ನು ತಡೆಹಿಡಿಯಲಾಯಿತು. ಬಾಕಿ ಸಮೇತ ಕೊಡಬೇಕೆಂದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಹೇಳಿದ ಮೇಲೂ ಅನೇಕ ಮಾಲಕರು ಕೊಡಲಿಲ್ಲ. ಕಾರ್ಮಿಕ ಸಂಘಟನೆಗಳು ಪಟ್ಟು ಹಿಡಿದು, ವಿದೇಶಿ ಖರೀದಿದಾರರ ಮೇಲೂ ಒತ್ತಡ ಬಿದ್ದ ಮೇಲೆ, 2022ರಲ್ಲಷ್ಟೇ ದೊಡ್ಡ ಪ್ರಮಾಣದ ಪಾವತಿ ಶುರುವಾಯಿತು. ಹೊಲಿಗೆ ಯಂತ್ರದ ಮುಂದೆ ಕೂತ ಲಕ್ಷಾಂತರ ಕಾರ್ಮಿಕರಲ್ಲಿ ಬಹುಪಾಲು ಹೆಣ್ಣುಮಕ್ಕಳು. 417 ರೂಪಾಯಿ ಎಂದರೆ ಅವರ ಮನೆಯಲ್ಲಿ ಮಗುವಿನ ಹಾಲು, ತಾಯಿಯ ಮಾತ್ರೆ. ಅದನ್ನು ತಡೆದು ಉಳಿಸಿದ ಹಣವೂ ಲಾಭದ ಕಡತದಲ್ಲೇ ಕೂರುತ್ತದೆ. ಅದರ ಶೇಕಡಾ 2ರಲ್ಲಿ ಯಾವುದೋ ಊರಿನ ಶಾಲೆಗೆ ಬೆಂಚು ಬಂದರೆ ಚಪ್ಪಾಳೆ ತಟ್ಟಬೇಕಾದವರು ಯಾರು?

ಹಾಗಾದರೆ ಲಾಭ ಮಾಡುತ್ತಲೇ ಹೊಣೆ ಹೊರುವುದು ಸಾಧ್ಯವಿಲ್ಲವೇ? ಸಾಧ್ಯ. ಖ್ವಾಜಾ ಅಬ್ದುಲ್ ಹಮೀದ್ 1935ರಲ್ಲಿ ಮುಂಬೈಯಲ್ಲಿ ಸ್ಥಾಪಿಸಿದ ಸಿಪ್ಲಾ ಇದಕ್ಕೊಂದು ನಿದರ್ಶನ. ಎರಡು ಸಾವಿರದ ಇಸವಿಯ ಹೊತ್ತಿಗೆ ಆಫ್ರಿಕಾದಲ್ಲಿ ಏಡ್ಸ್‌ನಿಂದ ಜನ ಸಾಲುಸಾಲಾಗಿ ಸಾಯುತ್ತಿದ್ದರು. ಔಷಧ ಇತ್ತು, ಆದರೆ ಒಬ್ಬ ರೋಗಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಹೆಚ್ಚು ಬೆಲೆ. ಹಮೀದರ ಮಗ ಯೂಸುಫ್ ಹಮೀದ್ 2001ರ ಫೆಬ್ರವರಿಯಲ್ಲಿ ಅದೇ ಮೂರು ಔಷಧಗಳ ಚಿಕಿತ್ಸೆಯನ್ನು ಗಡಿಯಿಲ್ಲದ ವೈದ್ಯರ ಸಂಘಟನೆಗೆ 350 ಡಾಲರಿಗೆ, ಸರಕಾರಗಳಿಗೆ 600 ಡಾಲರಿಗೆ, ಸಗಟು ಖರೀದಿದಾರರಿಗೆ 1,200 ಡಾಲರಿಗೆ ಕೊಡುವುದಾಗಿ ಹೇಳಿದರು.

ಇದನ್ನು ಬರೀ ದಾನವೆಂದು ಕರೆಯಲಾಗದು, ಇದೊಂದು ವ್ಯಾಪಾರದ ಲೆಕ್ಕ. ಕೊಡಬಲ್ಲವನಿಗೆ ಒಂದು ಬೆಲೆ, ಕೊಡಲಾರದವನಿಗೆ ಇನ್ನೊಂದು. ಔಷಧದ ವಸ್ತುವಿಗಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್ ಕೊಡುತ್ತಿದ್ದ 1970ರ ನಮ್ಮ ಕಾಯಿದೆ ಇದಕ್ಕೆ ದಾರಿ ಮಾಡಿಕೊಟ್ಟಿತ್ತು. ಬೇರೆಬೇರೆ ಕಂಪೆನಿಗಳ ಹಿಡಿತದಲ್ಲಿದ್ದ ಮೂರು ಔಷಧಗಳನ್ನು ಸಿಪ್ಲಾ ಒಂದೇ ಮಾತ್ರೆಯಲ್ಲಿ ಸೇರಿಸಿತು. ಭಾರತದ ಇತರ ಕಂಪೆನಿಗಳೂ ಪೈಪೋಟಿಗಿಳಿದವು, ಬೆಲೆ ಇನ್ನೂ ಇಳಿಯಿತು, ಲಕ್ಷಾಂತರ ಜೀವಗಳು ಉಳಿದವು. ಸಿಪ್ಲಾ ಮುಳುಗಲಿಲ್ಲ. ಅದು ಇಂದಿಗೂ ದೇಶದ ದೊಡ್ಡ ಔಷಧ ಕಂಪೆನಿಗಳಲ್ಲೊಂದು. ಸೋಜಿಗವೆಂದರೆ, ಬೆಲೆಯನ್ನು ಹೀಗೆ ಇಳಿಸುವುದು ಇಂದಿನ ನಿಯಮದ ಪ್ರಕಾರ ಶೇಕಡಾ 2ರ ಲೆಕ್ಕಕ್ಕೆ ಬರಲಾರದು. ಅದು ಮಾಮೂಲಿ ವ್ಯವಹಾರ!

ಹಾಗೆಂದು ಯಾವ ಕಂಪೆನಿಯನ್ನೂ ನಾವು ತಲೆಯ ಮೇಲೆ ಹೊತ್ತು ಕುಣಿಯಬೇಕಾಗಿಲ್ಲ. ದೇಶದೊಳಗೆ ಕೆಲವು ಔಷಧಗಳಿಗೆ ನಿಗದಿಗಿಂತ ಹೆಚ್ಚು ಬೆಲೆ ವಸೂಲಿ ಮಾಡಿದೆಯೆಂದು ಇದೇ ಸಿಪ್ಲಾಕ್ಕೆ ಔಷಧ ಬೆಲೆ ಪ್ರಾಧಿಕಾರ ನೋಟೀಸು ಕೊಟ್ಟು, ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಒಂದು ಕಡೆ ಮಾಡಿದ ಒಳಿತು ಇನ್ನೊಂದು ಕಡೆಯ ಲೆಕ್ಕವನ್ನು ಚುಕ್ತಾ ಮಾಡುವುದಿಲ್ಲ. ಮಾಲಕನ ಒಳ್ಳೆಯತನವೊಂದನ್ನೇ ನಂಬಿ ಸಮಾಜ ಕೂರಲಾಗದು. ಕಾನೂನು, ಕಾರ್ಮಿಕ ಸಂಘ, ಎಚ್ಚರದ ಗ್ರಾಹಕ ಮೂವರೂ ಬೇಕು.

ನಮ್ಮ ಪೇಟೆಯ ಹಳೆಯ ವ್ಯಾಪಾರಿಗಳನ್ನು ಜನ ಅಳೆಯುತ್ತಿದ್ದುದು ಅವರು ಬರೆಸಿದ ಚಂದಾದಿಂದಲ್ಲ, ಅವರ ತಕ್ಕಡಿಯಿಂದ. ತೂಕದಲ್ಲಿ ಕದ್ದು ಜಾತ್ರೆಗೆ, ಉರೂಸಿಗೆ ಧಾರಾಳವಾಗಿ ಕೊಟ್ಟವನ ಬಗ್ಗೆ ಊರು ಬೆನ್ನ ಹಿಂದೆ ಏನು ಆಡಿಕೊಳ್ಳುತ್ತಿತ್ತೆಂದು ನಮಗೆಲ್ಲ ಗೊತ್ತು. ಕಂಪೆನಿಗಳ ವಿಷಯದಲ್ಲಿ ಮಾತ್ರ ನಾವೇಕೆ ಆ ವಿವೇಕ ಕಳೆದುಕೊಂಡೆವು? ಮುಂದಿನ ಬಾರಿ ಯಾವುದಾದರೂ ಕಂಪೆನಿಯ ಫಲಕ ಕಂಡಾಗ ಕೊಟ್ಟದ್ದಕ್ಕೆ ಧನ್ಯವಾದ ಹೇಳೋಣ. ಜೊತೆಗೆ ಅಲ್ಲಿ ದುಡಿಯುವವರಿಗೆ ಸಂಬಳ ಸರಿಯಾಗಿ ಸಿಗುತ್ತಿದೆಯೇ, ಅದರ ಕೊಳಚೆ ಯಾವ ಹೊಳೆ ಸೇರುತ್ತಿದೆ, ಅದು ಮಾರುವ ವಸ್ತುವಿನ ಬೆಲೆ ನ್ಯಾಯವೇ ಎಂದು ಕೇಳೋಣ. ಈ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲ ಉದ್ಯಮಿಯ ಲಾಭವನ್ನು ಕಂಡು ನಾವು ಕರುಬಬೇಕಾಗಿಲ್ಲ, ಸಂತೋಷಪಡಬಹುದು.