ಏಳು ಸಾಲಿನ ಒಂದು ನಾದ: ವ್ಯಾಖ್ಯಾನ

1982ರಲ್ಲಿ ಬಂದ ಕಮೊಡೋರ್ 64 ಗಣಕದ ನಾದಚಿಪ್ಪಿಗೆ ಸಿಡ್ ಎಂದು ಹೆಸರು. ರೂಪಿಸಿದವನು ಬಾಬ್ ಯಾನೆಸ್. ಅದರ ಮೂರು ಕಂಠಗಳಲ್ಲಿ ಮೊದಲನೆಯದನ್ನು ನುಡಿಸುವ ಬೇಸಿಕ್ ಸಾಲುಗಳಿವು:

10 ಪೋಕ್ 54296,15
20 ಪೋಕ್ 54272,69 : ಪೋಕ್ 54273,29
30 ಪೋಕ್ 54277,9 : ಪೋಕ್ 54278,169
40 ಪೋಕ್ 54274,0 : ಪೋಕ್ 54275,8
50 ಪೋಕ್ 54276,65
60 ಫಾರ್ ಡಬ್ಲ್ಯೂ=8 ಟು 1 ಸ್ಟೆಪ್ -1 : ಪೋಕ್ 54275,ಡಬ್ಲ್ಯೂ : ಫಾರ್ ಟಿ=1 ಟು 100 : ನೆಕ್ಸ್ಟ್ : ನೆಕ್ಸ್ಟ್
70 ಪೋಕ್ 54276,64

‘ಪೋಕ್’ ಎಂದರೆ ಇಂಥ ಮನೆಯಲ್ಲಿ ಇಂಥ ಸಂಖ್ಯೆಯನ್ನು ಇಡು ಎಂಬ ಆಜ್ಞೆ. 54296 ಒಟ್ಟು ಧ್ವನಿಮಟ್ಟದ ಮನೆ, 15 ಅದರ ಪರಮಾವಧಿ. ಇದಿಲ್ಲದಿದ್ದರೆ ಉಳಿದ ಆರು ಸಾಲೂ ಮೂಕ.

ಎರಡನೆಯದು ಶ್ರುತಿ. ಒಂದು ಮನೆಯಲ್ಲಿ 255ಕ್ಕಿಂತ ದೊಡ್ಡದು ಹಿಡಿಯದಾದ್ದರಿಂದ ಸಂಖ್ಯೆಯನ್ನು ಸೀಳಿ ಇಟ್ಟಿದೆ: 29ನ್ನು 256ರಿಂದ ಗುಣಿಸಿ 69 ಕೂಡಿದರೆ 7493. ಇದನ್ನು ಯಂತ್ರದ ಗಡಿಯಾರದ 985248ರಿಂದ ಗುಣಿಸಿ 16777216ರಿಂದ ಭಾಗಿಸಲು 440 ಹರ್ಟ್ಸ್ ಲಭಿಸುತ್ತದೆ. ಇದು ಯುರೋಪಿನ ಯಂತ್ರದ ಲೆಕ್ಕ. ಅಮೆರಿಕದ ಯಂತ್ರದ ಗಡಿಯಾರ ತುಸು ವೇಗದ್ದಾದ್ದರಿಂದ ಅದೇ ಸಾಲು ಅಲ್ಲಿ 457ರ ಸುಮಾರಿಗೆ ಏರಿ ನುಡಿಯುತ್ತದೆ.

ಮೂರನೆಯದು ನಾದದ ಆಯುಷ್ಯ. 9ರಲ್ಲಿ ಎರಡು ಅಂಶಗಳು ಅಡಗಿವೆ: ಏರಿಕೆ 0, ಅಂದರೆ ಎರಡು ಮಿಲಿಸೆಕೆಂಡು, ಇಳಿಕೆ 9, ಅಂದರೆ ಶಿಖರದಿಂದ ಶೂನ್ಯಕ್ಕೆ ಮುಕ್ಕಾಲು ಸೆಕೆಂಡು ಹಿಡಿಯುವ ಗತಿ. 169 ಎಂಬುದು ಹತ್ತು ಹದಿನಾರು ಮತ್ತು ಒಂಬತ್ತು: ಇಳಿಕೆಯು ಹತ್ತನೆಯ ಮಟ್ಟದಲ್ಲಿ ನಿಲ್ಲಲಿ, ಬಿಟ್ಟ ಮೇಲೆ ಅದೇ ಗತಿಯಲ್ಲಿ ಅಡಗಲಿ ಎಂದು ಭಾವ.

ನಾಲ್ಕನೆಯದು ಈ ಸಾಲುಗಳ ಗರ್ಭ. ಸ್ಪಂದದ ಅಗಲಕ್ಕೆ, ಅಂದರೆ ಒಂದು ಸುತ್ತಿನಲ್ಲಿ ಅಲೆ ಮೇಲಿರುವ ಹೊತ್ತಿಗೆ, 4096 ಪಾಲುಗಳಿವೆ. ಮೇಲ್ಮನೆಯ 8 ಎಂದರೆ 2048, ಸರಿಯಾಗಿ ಅರ್ಧ. ಅಲೆಯು ಎಷ್ಟು ಹೊತ್ತು ಮೇಲಿರುವುದೋ ಅಷ್ಟೇ ಹೊತ್ತು ಕೆಳಗಿರುವುದು. ಚೌಕ ಅಲೆಯೆಂಬ ಹೆಸರು ಸಲ್ಲುವುದು ಇದೊಂದಕ್ಕೇ. ಇದರಲ್ಲಿ ಮೂಲಸ್ವರದ ಜೊತೆ ಮೂರು, ಐದು, ಏಳು ಹೀಗೆ ಬೆಸ ಪಟ್ಟಿನ ಉಪಸ್ವರಗಳು ಮಾತ್ರ ಇರುತ್ತವೆ, ಸಮಪಟ್ಟಿನವು ಇಲ್ಲ. ಕ್ಲಾರಿನೆಟ್ಟಿನ ಕೆಳಸ್ವರಗಳನ್ನು ನೆನಪಿಸುವ ಟೊಳ್ಳುತನ ಹುಟ್ಟುವುದು ಈ ಇಲ್ಲದಿರುವಿಕೆಯಿಂದ.

ಐದನೆಯ ಸಾಲಿನ 65 ಎಂದರೆ 64 ಮತ್ತು 1. 64 ಸ್ಪಂದದ ಅಲೆಯನ್ನು ಆರಿಸುತ್ತದೆ. 1 ಬಾಗಿಲು ತೆರೆಯುತ್ತದೆ, ಅಂದರೆ ನಾದವನ್ನು ಹೊರಡಿಸುತ್ತದೆ.

ಆರನೆಯ ಸಾಲು ಆ ಅಗಲವನ್ನು ಎಂಟರಿಂದ ಒಂದಕ್ಕೆ ಕುಗ್ಗಿಸುತ್ತದೆ. 4ಕ್ಕೆ ಬಂದಾಗ ಅಗಲ ಕಾಲುಭಾಗ: ಎರಡನೆಯ ಉಪಸ್ವರ ಮರಳಿ ಬರುತ್ತದೆ, ನಾಲ್ಕನೆಯದೂ ಎಂಟನೆಯದೂ ಮಾಯ. 1ರಲ್ಲಿ ಅಲೆ ಸೂಜಿಯಂತೆ ಸಪೂರ, ದನಿ ಮೂಗಿನದು. ಇಲ್ಲಿ ಶಂಕೆ: 15ರಿಂದಲೇ ಏಕೆ ಹೊರಡಬಾರದು? ಸಮಾಧಾನ: ಮುಕ್ಕಾಲು ಅಗಲವು ಕಾಲು ಅಗಲದ ತಲೆಕೆಳಗು ರೂಪ; ಒಂಟಿಯಾಗಿ ಕೇಳುವ ಕಿವಿಗೆ ಎರಡೂ ಒಂದೇ. 0ಗೆ ಇಳಿಸದಿರುವುದೂ ಸಕಾರಣ: ಆಗ ಅಲೆಯೇ ಅಳಿದು ಬರಿ ಗೆರೆಯಾಗುತ್ತದೆ. ಟಿಯ ನೂರು ಸುತ್ತು ಕೇವಲ ಕಾಲಹರಣ. ಎಂಟು ಮೆಟ್ಟಿಲು ಕಿವಿಗೆ ಮೆಟ್ಟಿಲಾಗಿಯೇ ತಟ್ಟುತ್ತವೆ.  ಈ ಗಣಕದ ಆಟಗಳಿಗೆ ಸಂಗೀತ ಕಟ್ಟಿದ ರಾಬ್ ಹಬ್ಬರ್ಡ್‌ನಂಥವರು ಯಂತ್ರಭಾಷೆಯಲ್ಲಿ, ಪರದೆ ಬದಲಾದಾಗಲೆಲ್ಲ, ಸೆಕೆಂಡಿಗೆ ಐವತ್ತು ಸಲ ಅಗಲವನ್ನು ಒಂದಿಷ್ಟೇ ಸರಿಸಿದರು. ಆಗ ಒಂದೇ ಕಂಠ ಅಲೆಯಲೆಯಾಗಿ ತುಂಬಿಕೊಳ್ಳುತ್ತದೆ.

ಕಡೆಯ ಸಾಲಿನಲ್ಲಿ 0 ಎನ್ನದೆ 64 ಎಂದಿರುವುದು ಗಮನಾರ್ಹ. 0 ಇಟ್ಟರೆ ಅಲೆಯ ಆಯ್ಕೆಯೇ ತಪ್ಪಿ ದನಿ ಕತ್ತರಿಸಿಹೋಗುತ್ತದೆ, ಮೂರನೆಯ ಸಾಲಿನ ಅಡಗುವ ಗತಿ ಕೇಳಿಸದು. ಒಂದನ್ನು ಮಾತ್ರ ಕಳೆದಾಗ ಬಾಗಿಲು ಮುಚ್ಚುತ್ತದೆ, ಅಲೆ ಉಳಿಯುತ್ತದೆ, ಸಪೂರ ದನಿ ತನ್ನ ಪಾಡಿಗೆ ಆರುತ್ತದೆ.